ಅರ್ಧ ಬ್ಯಾಂಕಿಗೆ, ಅರ್ಧ ಲಕೋಟೆಗೆ: ಯುರೋಪಿನಲ್ಲಿ ಸಂಬಳ ಬಚ್ಚಿಡುವ ಲೆಕ್ಕ, ಅದನ್ನು ಹಿಡಿಯುವ ಬಗೆ

ಜರ್ಮನಿಯ ಒಂದು ಹೋಟೆಲಿನ ಅಡುಗೆಮನೆಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವರ್ಷ 2025. ಕಾನೂನು ಗೊತ್ತುಮಾಡಿದ ಕನಿಷ್ಠ ಕೂಲಿ ಗಂಟೆಗೆ 12.82 ಯೂರೋ. ಅಡುಗೆಯವನು ವಾರಕ್ಕೆ 40 ಗಂಟೆ, ಅಂದರೆ ತಿಂಗಳಿಗೆ ಸುಮಾರು 173 ಗಂಟೆ ಒಲೆಯ ಮುಂದೆ ನಿಲ್ಲುತ್ತಾನೆ. ಕಾಗದದಲ್ಲಿ ಮಾತ್ರ ಅವನು ‘ಮಿನಿಜಾಬ್’ (ಸಂಬಳಕ್ಕೆ ಮಿತಿಯಿರುವ ಸಣ್ಣ ಅರೆಕಾಲಿಕ ಕೆಲಸ) ನೌಕರ: ತಿಂಗಳಿಗೆ 43 ಗಂಟೆ, 556 ಯೂರೋ. ಮಿಕ್ಕ 130 ಗಂಟೆಗೆ ಹತ್ತರ ದರದಲ್ಲಿ 1,300 ಯೂರೋ ತಿಂಗಳ ಕೊನೆಗೆ ಲಕೋಟೆಯಲ್ಲಿ ಬರುತ್ತದೆ.

ಇಷ್ಟೂ ಗಂಟೆಯನ್ನು ನೆಟ್ಟಗೆ ತೋರಿಸಿದ್ದರೆ ಒಟ್ಟು ಸಂಬಳ 2,222 ಯೂರೋ ಆಗುತ್ತಿತ್ತು. ಒಂಟಿಯಾಗಿರುವ ನೌಕರನಿಗೆ ವಿಮೆ, ಪಿಂಚಣಿ, ತೆರಿಗೆ ಕಳೆದು ಕೈಗೆ ಬರುತ್ತಿದ್ದದ್ದು ಸುಮಾರು 1,600. ಲಕೋಟೆಯ ದಾರಿಯಲ್ಲಿ 556 ಮತ್ತು 1,300 ಸೇರಿ 1,856. ಅವನಿಗೆ ಸುಮಾರು 250 ಯೂರೋ ‘ಲಾಭ’. ಮಾಲೀಕನ ಕಡೆ ನೋಡಿ. ನೆಟ್ಟಗೆ ತೋರಿಸಿದ್ದರೆ ತನ್ನ ಪಾಲಿನ ಸಾಮಾಜಿಕ ವಿಮೆಯ ವಂತಿಗೆ ಶೇ 21ರಷ್ಟು ಸೇರಿ ಅವನ ಖರ್ಚು 2,690ರ ಹತ್ತಿರ ಹೋಗುತ್ತಿತ್ತು. ಮಿನಿಜಾಬ್ ಮೇಲೆ ಶೇ 30ರ ಆಸುಪಾಸು ಕಟ್ಟಿ ಲಕೋಟೆ ಕೊಟ್ಟರೆ 2,025ರಲ್ಲಿ ಮುಗಿಯುತ್ತದೆ. ಅವನಿಗೆ ಉಳಿದದ್ದು 660 ಯೂರೋ.

ಇಡೀ ಸಮಸ್ಯೆಯ ಗಂಟು ಇರುವುದು ಈ ಎರಡು ಅಂಕಿಗಳಲ್ಲಿ. ಇಬ್ಬರಿಗೂ ಕೈಯಲ್ಲಿ ಕಾಸು ಉಳಿಯುವುದರಿಂದ ದೂರು ಕೊಡುವವರೇ ಇಲ್ಲ. ದಾಖಲೆಯೂ ಇದೆ, ಹೆಸರೂ ಇದೆ, ಪೇ-ಸ್ಲಿಪ್ಪೂ ಇದೆ. ಬಾಗಿಲಿಗೆ ಬಂದ ತಪಾಸಣಾಧಿಕಾರಿಗೆ ತೋರಿಸಲು ಎಲ್ಲವೂ ಸರಿಯಾಗಿರುತ್ತದೆ, ಗಂಟೆಗಳ ಲೆಕ್ಕವೊಂದನ್ನು ಬಿಟ್ಟು. ಪೂರ್ತಿ ಕದ್ದುಮುಚ್ಚಿ ದುಡಿಸುವುದನ್ನು ಹಿಡಿಯುವುದಕ್ಕಿಂತ ಅರ್ಧ ತೋರಿಸಿ ಅರ್ಧ ಮುಚ್ಚುವುದನ್ನು ಹಿಡಿಯುವುದು ಎಷ್ಟೋ ಕಷ್ಟ. ಯುರೋಪಿನ ದೇಶಗಳು ಈ ಪಾಠ ಕಲಿಯಲು ಎರಡು ದಶಕ ಹಿಡಿಯಿತು.

ಯಾವುದಕ್ಕೆ ಈ ಹೆಸರು

ಇಂಥದ್ದಕ್ಕೆಲ್ಲ ‘ಲೆಕ್ಕಕ್ಕಿಲ್ಲದ ದುಡಿಮೆ’ ಎಂದು ಹೆಸರು. ಐರೋಪ್ಯ ಒಕ್ಕೂಟದ ವ್ಯಾಖ್ಯೆ ಸರಳ: ಕೆಲಸ ಕಾನೂನುಬದ್ಧವಾದದ್ದು, ಅದಕ್ಕೆ ಹಣವೂ ಸಂದಿದೆ, ಆದರೆ ಸರ್ಕಾರಕ್ಕೆ ತಿಳಿಸಿಲ್ಲ. ಮಾದಕ ವಸ್ತು ಸಾಗಿಸುವವನು ಇದರಲ್ಲಿ ಬರುವುದಿಲ್ಲ, ಗಾರೆ ಕೆಲಸದವನು ಬರುತ್ತಾನೆ. ಜರ್ಮನರು ಇದನ್ನು ‘ಶ್ವಾರ್ಟ್ಸ್‌ಆರ್ಬೈಟ್’, ಇಟಲಿಯವರು ‘ಲವೋರೋ ನೇರೋ’ ಎನ್ನುತ್ತಾರೆ. ಎರಡರ ಅರ್ಥವೂ ಕಪ್ಪು ಕೆಲಸ. ಅರ್ಧ ತೋರಿಸಿದ್ದಕ್ಕೆ ಇಟಲಿಯಲ್ಲಿ ‘ಬೂದು ಕೆಲಸ’ ಎಂಬ ಬೇರೆ ಮಾತೇ ಇದೆ. ಎಸ್ಟೋನಿಯಾದವರು ನೇರವಾಗಿ ‘ಲಕೋಟೆ ಸಂಬಳ’ ಎಂದೇ ಕರೆಯುತ್ತಾರೆ.

ಮೂರನೆಯ ಬಗೆಯೂ ಒಂದಿದೆ: ನೌಕರನನ್ನು ‘ಸ್ವಂತ ಉದ್ಯೋಗಿ’ ಎಂದು ಬರೆಸಿಕೊಳ್ಳುವುದು. ಒಬ್ಬನೇ ಮಾಲೀಕನ ಬಳಿ, ಅವನು ಹೇಳಿದ ಹೊತ್ತಿಗೆ, ಅವನದೇ ಸಲಕರಣೆ ಹಿಡಿದು ದುಡಿಯುವವನು ತಿಂಗಳ ಕೊನೆಗೆ ‘ಬಿಲ್’ ಕೊಡುತ್ತಾನೆ. ಊಟ ತಲುಪಿಸುವ ಆ್ಯಪ್‌ಗಳಲ್ಲಿ ಇದು ಎಷ್ಟು ಬೆಳೆಯಿತೆಂದರೆ 2024ರಲ್ಲಿ ಒಕ್ಕೂಟ ಇದಕ್ಕಾಗಿಯೇ ನಿರ್ದೇಶನ ಹೊರಡಿಸಿತು. ಹಿಡಿತ ಮತ್ತು ಉಸ್ತುವಾರಿ ಕಂಪನಿಯದೇ ಎಂಬ ಕುರುಹುಗಳಿದ್ದರೆ ಅವನನ್ನು ನೌಕರನೆಂದೇ ಭಾವಿಸಬೇಕು, ಅಲ್ಲವೆಂದು ಸಾಬೀತುಪಡಿಸುವ ಹೊಣೆ ಕಂಪನಿಯದು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ತರಲು 2026ರ ಡಿಸೆಂಬರ್ 2ರವರೆಗೆ ಗಡುವಿದೆ.

ಇದೆಲ್ಲ ಎಷ್ಟು ದೊಡ್ಡದು? ಒಕ್ಕೂಟದ 2019ರ ಜನಾಭಿಪ್ರಾಯ ಸಮೀಕ್ಷೆಯಲ್ಲಿ, ಸಂಬಳದ ಎಲ್ಲವನ್ನೋ ಒಂದಷ್ಟನ್ನೋ ಲೆಕ್ಕ ತಪ್ಪಿಸಿ ನಗದಾಗಿ ಪಡೆದೆವೆಂದು ಒಪ್ಪಿಕೊಂಡ ನೌಕರರು ಶೇ 3. ಲೆಕ್ಕಕ್ಕಿಲ್ಲದ ದುಡಿಮೆ ಅಡಗಿರಬಹುದಾದ ಸರಕು, ಸೇವೆ ಕೊಂಡೆವೆಂದವರು ಶೇ 10. ಕೊಂಡವರು ಇಷ್ಟು, ಮಾರಿದವರು ಅಷ್ಟು ಕಡಿಮೆ ಎಂದರೆ ಒಪ್ಪಿಕೊಳ್ಳುವ ಧೈರ್ಯದಲ್ಲೇ ವ್ಯತ್ಯಾಸವಿದೆ. ಮನೆ ಬಾಗಿಲಿಗೆ ಬಂದ ಅಪರಿಚಿತನ ಮುಂದೆ ಯಾರು ತಾನೆ ಬಾಯಿಬಿಡುತ್ತಾರೆ? ಹಾಗಾಗಿ ಶೇ 3 ಎಂಬುದನ್ನು ತಳ ಎಂದು ಓದಬೇಕು.

250 ಯೂರೋ ಎಲ್ಲಿ ಹೋಗುತ್ತದೆ

ಮತ್ತೆ ನಮ್ಮ ಅಡುಗೆಯವನ ಕಡೆಗೆ. ಮಿನಿಜಾಬ್ ಒಂದರಿಂದಲೇ ಆರೋಗ್ಯ ವಿಮೆ ಸಿಗುವುದಿಲ್ಲ. ಅದನ್ನು ಅವನು ಸ್ವಂತ ಖರ್ಚಿನಲ್ಲಿ ಮಾಡಿಸಬೇಕು, ಕನಿಷ್ಠ ಕಂತೇ ತಿಂಗಳಿಗೆ 200 ಯೂರೋ ದಾಟುತ್ತದೆ. ‘ಲಾಭ’ದ ಬಹುಪಾಲು ಅಲ್ಲಿಗೇ ಸರಿಹೋಯಿತು. ನಿರುದ್ಯೋಗ ವಿಮೆ ಇಲ್ಲ. ಕಾಯಿಲೆ ಬಿದ್ದರೆ ಆರು ವಾರ ಮಾಲೀಕ ಸಂಬಳ ಕೊಡಬೇಕೆಂಬ ನಿಯಮವೇನೋ ಇದೆ, ಆದರೆ ಅವನು ಕೊಡುವುದು ಕಾಗದದ 43 ಗಂಟೆಗೆ ಮಾತ್ರ. ಪಿಂಚಣಿ ಜಮೆಯಾದರೂ ಕಾಲು ಭಾಗದ ಸಂಬಳದ ಮೇಲೆ. 2020ರ ಲಾಕ್‌ಡೌನ್‌ನಲ್ಲಿ ಇದು ಎದ್ದು ಕಂಡಿತು. ಕೆಲಸ ನಿಂತವರಿಗೆ ಜರ್ಮನಿ ನಷ್ಟವಾದ ನಿವ್ವಳ ಸಂಬಳದ ಶೇ 60ನ್ನು, ಮಕ್ಕಳಿದ್ದರೆ ಶೇ 67ನ್ನು ಸರ್ಕಾರದಿಂದ ಕೊಟ್ಟಿತು. ಮಿನಿಜಾಬ್‌ನವರಿಗೆ ಆ ಸೌಲಭ್ಯ ಇರಲಿಲ್ಲ. ಹೋಟೆಲುಗಳಲ್ಲಿ ವರ್ಷಗಟ್ಟಲೆ ಲಕೋಟೆ ಎಣಿಸಿದವರ ಕೈಗೆ ಆಗ ಸೊನ್ನೆ.

ಸಿಕ್ಕಿಬಿದ್ದ ಮಾಲೀಕನ ಪಾಡನ್ನೂ ಹೇಳಬೇಕು, ಏಕೆಂದರೆ ಜರ್ಮನ್ ಕಾನೂನಿನ ಜಾಣತನ ಇಲ್ಲಿದೆ. ಲಕೋಟೆಯ 1,300 ಯೂರೋವನ್ನು ಒಟ್ಟು ಸಂಬಳ ಎಂದು ಅದು ನೋಡುವುದಿಲ್ಲ, ಎಲ್ಲ ಕಡಿತದ ನಂತರ ಕೈಗೆ ಬಂದ ನಿವ್ವಳ ಎಂದು ಭಾವಿಸುತ್ತದೆ. ಇಷ್ಟು ನಿವ್ವಳ ಸಿಗಬೇಕಾದರೆ ಒಟ್ಟು ಎಷ್ಟಿರಬೇಕಿತ್ತು ಎಂದು ಹಿಮ್ಮುಖವಾಗಿ ಲೆಕ್ಕ ಹಾಕಿ, ಆ ದೊಡ್ಡ ಮೊತ್ತದ ಮೇಲೆ ವಂತಿಗೆ ವಸೂಲು ಮಾಡುತ್ತದೆ. ನೌಕರನ ಪಾಲನ್ನು ಅವನಿಂದ ಹಿಡಿಯೋಣವೆಂದರೆ, ತಪ್ಪಿಹೋದ ಕಡಿತವನ್ನು ಮುಂದಿನ ಮೂರು ಸಂಬಳದಲ್ಲಷ್ಟೇ ಹಿಡಿಯಲು ಅವಕಾಶ. ಅಂದರೆ ಹಳೆ ಬಾಕಿಯ ಎರಡೂ ಪಾಲು ಮಾಲೀಕನ ತಲೆಗೇ. ಮೇಲೆ ತಿಂಗಳಿಗೆ ಶೇ 1 ವಿಳಂಬ ಶುಲ್ಕ. ಬೇಕೆಂತಲೇ ಮುಚ್ಚಿದ್ದಾದರೆ ವಸೂಲಿಗೆ 30 ವರ್ಷ ಅವಧಿ. ಅದರ ಜೊತೆಗೆ ದಂಡಸಂಹಿತೆಯ ಪ್ರಕಾರ ಐದು ವರ್ಷದವರೆಗೆ ಸೆರೆ.

ಅಡುಗೆಮನೆಯಲ್ಲಿ ಎಣ್ಣೆ ಮೈಮೇಲೆ ಬಿದ್ದರೆ ಅಪಘಾತ ವಿಮೆ ಸಿಗುತ್ತದೆ. ಹೆಸರು ದಾಖಲಾಗದವನಿಗೂ ಸಿಗುತ್ತದೆ. ಆಸ್ಪತ್ರೆಯ ಖರ್ಚನ್ನು ವಿಮಾ ಸಂಸ್ಥೆ ಆಮೇಲೆ ಮಾಲೀಕನಿಂದ ಕಕ್ಕಿಸಬಹುದು. ಇದು ಬಹಳ ನೌಕರರಿಗೆ ಗೊತ್ತೇ ಇಲ್ಲ. ‘ನಿನ್ನ ಹೆಸರೇ ಇಲ್ಲ, ಆಸ್ಪತ್ರೆಯಲ್ಲಿ ಮನೆಯಲ್ಲಿ ಜಾರಿಬಿದ್ದೆ ಅಂತ ಹೇಳು’ ಎಂಬ ಮಾತಿಗೆ ತಲೆಯಾಡಿಸಿಬಿಡುತ್ತಾರೆ.

ಲಕೋಟೆ ತುಂಬುವುದು ಗಲ್ಲಾದಿಂದ

ಕಪ್ಪು ಸಂಬಳ ಕೊಡಬೇಕಾದರೆ ಮೊದಲು ಕಪ್ಪು ನಗದು ಬೇಕು. ಬ್ಯಾಂಕಿನಿಂದ ತೆಗೆದರೆ ಲೆಕ್ಕಪುಸ್ತಕದಲ್ಲಿ ಕಾರಣ ಬರೆಯಬೇಕಾಗುತ್ತದೆ. ಹೋಟೆಲು, ಸಲೂನು, ಕಾರು ತೊಳೆಯುವ ಅಂಗಡಿಗಳಲ್ಲಿ ದಾರಿ ಸುಲಭ: ಒಂದಷ್ಟು ಮಾರಾಟವನ್ನು ಗಲ್ಲಾಪೆಟ್ಟಿಗೆಯಲ್ಲಿ ಒತ್ತದಿರುವುದು, ಅಥವಾ ಒತ್ತಿದ್ದನ್ನು ರಾತ್ರಿ ಸಾಫ್ಟ್‌ವೇರಿನಲ್ಲಿ ಅಳಿಸುವುದು. ಹಾಗಾಗಿ ಸಂಬಳದ ಕಳ್ಳತನ ತಡೆಯಲು ಹೊರಟ ದೇಶಗಳು ಗಲ್ಲಾಪೆಟ್ಟಿಗೆಯನ್ನು ಹಿಡಿದವು. ಸ್ವೀಡನ್ ಪ್ರಮಾಣಿತ ಯಂತ್ರಗಳನ್ನು 2010ರಲ್ಲಿ ಕಡ್ಡಾಯ ಮಾಡಿತು. ಕ್ರೊಯೇಷಿಯಾ 2013ರಿಂದ ಪ್ರತಿ ನಗದು ಬಿಲ್ಲನ್ನೂ ಇಂಟರ್‌ನೆಟ್ ಮೂಲಕ ತೆರಿಗೆ ಇಲಾಖೆಗೆ ಆಗಿಂದಾಗ್ಗೆ ಕಳಿಸುವ ವ್ಯವಸ್ಥೆ ತಂದಿತು. ಬೆಲ್ಜಿಯಂ ಹೋಟೆಲುಗಳಿಗೆ ಮಾರಾಟ ಅಳಿಸಲು ಬಾರದ ‘ಬಿಳಿ ಗಲ್ಲಾ’ ತಂದಿತು, ಅದರ ಜೊತೆಗೇ 2015ರ ಕೊನೆಯಲ್ಲಿ ಬಿಡುವಿನ ವೇಳೆ ದುಡಿಯುವವರಿಗೆ ಕಡಿಮೆ ವಂತಿಗೆಯ ‘ಫ್ಲೆಕ್ಸಿ-ಜಾಬ್’ ತೆರೆಯಿತು. ಬಿಗಿ ಮಾಡಿದ್ದರ ಜೊತೆ ಒಂದು ಕಿಂಡಿಯನ್ನೂ ಬಿಟ್ಟದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಕಡಿಮೆ ಲಾಭದ ಸಣ್ಣ ಹೋಟೆಲುಗಳು ಬೇರೆ ಕಳ್ಳದಾರಿ ಹುಡುಕುತ್ತಿದ್ದವು.

ಕಟ್ಟಡ ಕೆಲಸದಲ್ಲಿ ಗಿರಾಕಿ ಹಣ ಕೊಡುವುದು ಬ್ಯಾಂಕಿನಲ್ಲಿ, ಆದ್ದರಿಂದ ಅಲ್ಲಿ ಬೇರೆ ಉಪಾಯ. ಒಂದು ಉಪಗುತ್ತಿಗೆ ಕಂಪನಿ ಕಾಗದದ ಮೇಲಷ್ಟೇ ಇರುತ್ತದೆ. ಅದು ‘ಪ್ಲಾಸ್ಟರಿಂಗ್ ಮಾಡಿದ್ದಕ್ಕೆ’ ಎಂದು ಬಿಲ್ ಕೊಡುತ್ತದೆ, ಗುತ್ತಿಗೆದಾರ ಬ್ಯಾಂಕಿನಲ್ಲೇ ಹಣ ಹಾಕುತ್ತಾನೆ, ಆ ಕಂಪನಿ ನಗದು ತೆಗೆದು ತನ್ನ ಕಮಿಷನ್ ಹಿಡಿದು ಮಿಕ್ಕದ್ದನ್ನು ಹಿಂದಕ್ಕೆ ಕೊಡುತ್ತದೆ. ಆ ನಗದೇ ಗಾರೆಯವರ ಕೂಲಿ. ಒಂದೆರಡು ವರ್ಷದಲ್ಲಿ ಕಾಗದದ ಕಂಪನಿ ದಿವಾಳಿ. ನಿರ್ದೇಶಕನೆಂದು ಸಹಿ ಹಾಕಿದವನು ಎಲ್ಲೋ ದೂರದ ಊರಿನಲ್ಲಿ ಸಿಗುತ್ತಾನೆ, ಅವನ ಹೆಸರಿನಲ್ಲಿ ಹಳೇ ಸೈಕಲ್ಲೂ ಇರುವುದಿಲ್ಲ.

‘ಇವತ್ತೇ ಸೇರಿದ್ದು ಸಾರ್’

ತಪಾಸಣೆಗೆ ಹೋದ ಅಧಿಕಾರಿಗಳು ಯಾವ ದೇಶದಲ್ಲಾದರೂ ಕೇಳಿಸಿಕೊಳ್ಳುವ ಉತ್ತರ ಒಂದೇ: ಇವನು ಇವತ್ತೇ ಕೆಲಸಕ್ಕೆ ಬಂದದ್ದು, ಕಾಗದ ಇನ್ನೇನು ಮಾಡುವವರಿದ್ದೆವು. ಮೊದಲ ಸಂಬಳದ ವೇಳೆಗೆ ನೋಂದಾಯಿಸಿದರೆ ಸಾಕು ಎಂಬ ನಿಯಮವಿದ್ದಾಗ ಈ ಸುಳ್ಳನ್ನು ಮುರಿಯಲು ಸಾಧ್ಯವೇ ಇರಲಿಲ್ಲ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ನೋಂದಣಿ ಎಂಬ ನಿಯಮ ಬಂತು. ಬೆಲ್ಜಿಯಂ, ಫ್ರಾನ್ಸ್, ಗ್ರೀಸ್ ಎಲ್ಲವೂ ಇದನ್ನೇ ಮಾಡಿದವು. ರೊಮೇನಿಯಾದಲ್ಲಿ ಹಿಂದಿನ ದಿನವೇ ಮುಗಿದಿರಬೇಕು. ಎಸ್ಟೋನಿಯಾ 2014ರ ಜುಲೈ 1ರಿಂದ ಉದ್ಯೋಗ ನೋಂದಣಿ ಪುಸ್ತಕವನ್ನೇ ತೆರೆಯಿತು. ಜರ್ಮನಿ ಕಟ್ಟಡ, ಹೋಟೆಲು, ಸಾಗಣೆ, ಶುಚಿಕೆಲಸ ಮುಂತಾದ ಆಯ್ದ ಕ್ಷೇತ್ರಗಳಿಗೆ 2009ರಿಂದ ತಕ್ಷಣದ ನೋಂದಣಿ ತಂದಿತು. ಅಲ್ಲಿನ ಕೆಲಸಗಾರ ಪಾಸ್‌ಪೋರ್ಟನ್ನೋ ಗುರುತಿನ ಚೀಟಿಯನ್ನೋ ಜೇಬಿನಲ್ಲಿಟ್ಟುಕೊಂಡಿರಲೇಬೇಕು.

ತಪಾಸಣೆಯಲ್ಲಿ ಕ್ರಮವೇ ಮುಖ್ಯ. ಮೊದಲು ಹಿಂಬಾಗಿಲು, ಪಕ್ಕದ ಬಾಗಿಲುಗಳಲ್ಲಿ ಜನ ನಿಲ್ಲುತ್ತಾರೆ, ಆಮೇಲೆ ಮುಂಬಾಗಿಲಿನಿಂದ ಒಳಗೆ. ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಬೇರೆ ಕರೆದು ಕೇಳುತ್ತಾರೆ: ಎಂದು ಸೇರಿದೆ, ಎಷ್ಟು ಗಂಟೆಗೆ ಬರುತ್ತೀ, ಯಾರು ಕೆಲಸ ಹೇಳುತ್ತಾರೆ, ಸಂಬಳ ಎಷ್ಟು, ಹೇಗೆ ಬರುತ್ತದೆ, ಪಕ್ಕದಲ್ಲಿ ನಿಂತವನ ಹೆಸರೇನು, ಅವನು ಎಷ್ಟು ದಿನದಿಂದ ಇದ್ದಾನೆ. ಕೊನೆಯ ಪ್ರಶ್ನೆಯಲ್ಲೇ ಸಾಮಾನ್ಯವಾಗಿ ಗಂಟು ಬಿಚ್ಚುತ್ತದೆ. ‘ಇವತ್ತೇ ಸೇರಿದವನ’ ಹೆಸರು, ಊರು, ಯಾವ ಟೀ ಕುಡಿಯುತ್ತಾನೆ ಎಲ್ಲವೂ ಪಕ್ಕದವನಿಗೆ ಗೊತ್ತಿರುತ್ತದೆ. ಗೋಡೆಗೆ ಅಂಟಿಸಿದ ಪಾಳಿಯ ಪಟ್ಟಿ, ಲಾಕರ್ ಮೇಲಿನ ಹೆಸರು, ಸಮವಸ್ತ್ರದ ಅಳತೆ ಇವೆಲ್ಲ ಸಾಕ್ಷ್ಯವೇ.

ದಂಡದ ವಿಷಯದಲ್ಲಿ ಗ್ರೀಸ್ ಹೇಳಿಕೊಡುವ ಪಾಠ ದೊಡ್ಡದು. ಆರ್ಥಿಕ ಬಿಕ್ಕಟ್ಟಿನ ನಡುವೆ, 2013ರಲ್ಲಿ, ಹೆಸರಿಲ್ಲದ ಪ್ರತಿಯೊಬ್ಬ ಕೆಲಸಗಾರನಿಗೆ ಸುಮಾರು 10,500 ಯೂರೋ ದಂಡ ಎಂದು ಅದು ಗೊತ್ತುಮಾಡಿತು. ಹೆದರಿಕೆಯೇನೋ ಹುಟ್ಟಿತು, ಆದರೆ ಸಣ್ಣ ಅಂಗಡಿಗೆ ಅದು ಬಾಗಿಲು ಹಾಕಿಸುವ ಮೊತ್ತ, ಕೆಲಸಗಾರನಿಗೂ ಅದರಿಂದ ಕೆಲಸ ಸಿಗಲಿಲ್ಲ. ಹಾಗಾಗಿ ನಂತರ ತಿದ್ದಿದರು: ಸಿಕ್ಕಿಬಿದ್ದ 10 ಕೆಲಸದ ದಿನದೊಳಗೆ ಅವನನ್ನು ಪೂರ್ಣಾವಧಿಗೆ ತೆಗೆದುಕೊಂಡು ಮೂರು ತಿಂಗಳು ಇಟ್ಟುಕೊಂಡರೆ ದಂಡ 7,000, ಆರು ತಿಂಗಳಿಗೆ 5,000, ಒಂದು ವರ್ಷಕ್ಕೆ 3,000. ದಂಡದ ಉದ್ದೇಶ ಖಜಾನೆ ತುಂಬುವುದಲ್ಲ, ಹೆಸರು ಬರೆಸುವುದು ಎಂದು ಕಾನೂನೇ ಒಪ್ಪಿಕೊಂಡಂತೆ ಇದು. ಫ್ರಾನ್ಸ್ ಇನ್ನೊಂದು ತುದಿಯಿಂದ ಹಿಡಿಯಿತು. ಮುಚ್ಚಿಟ್ಟ ಕೆಲಸದಿಂದ ತೆಗೆದುಹಾಕಿದರೆ ಕೆಲಸಗಾರನಿಗೆ ಆರು ತಿಂಗಳ ಸಂಬಳದಷ್ಟು ಪರಿಹಾರ, ಮಾಲೀಕನಿಗೆ ಮೂರು ವರ್ಷದವರೆಗೆ ಸೆರೆ, 45,000 ಯೂರೋವರೆಗೆ ದಂಡ. ಬಾಯಿಬಿಟ್ಟವನಿಗೂ ಏನಾದರೂ ಸಿಗಬೇಕಲ್ಲವೇ? ಈ ಸರಳ ಮಾತನ್ನು ಮರೆತ ದೇಶಗಳೇ ಹೆಚ್ಚು.

ಕಟ್ಟಡದ ಗೇಟಿನಲ್ಲಿ ಕಾರ್ಡು, ಕಚೇರಿಯಲ್ಲಿ ಶೇಕಡಾವಾರು

ಕಟ್ಟಡದ ಕೆಲಸದಲ್ಲಿ ದಿನವೂ ಮುಖ ಬದಲಾಗುತ್ತದೆ, ಉಪಗುತ್ತಿಗೆಯ ಕೆಳಗೆ ಉಪಗುತ್ತಿಗೆ. ಫಿನ್‌ಲೆಂಡ್ 2012ರಿಂದ ಕೆಲಸದ ಜಾಗದಲ್ಲಿರುವ ಪ್ರತಿಯೊಬ್ಬನೂ ಫೋಟೋ ಮತ್ತು ತೆರಿಗೆ ಸಂಖ್ಯೆ ಇರುವ ಕಾರ್ಡನ್ನು ಕಾಣುವಂತೆ ಧರಿಸಬೇಕು ಎಂದಿತು. ಬೆಲ್ಜಿಯಂನಲ್ಲಿ 5 ಲಕ್ಷ ಯೂರೋ ಮೇಲ್ಪಟ್ಟ ಕಾಮಗಾರಿಗಳಲ್ಲಿ ಬೆಳಿಗ್ಗೆ ಎಲೆಕ್ಟ್ರಾನಿಕ್ ಹಾಜರಿ ಹಾಕಬೇಕು. ಸ್ವೀಡನ್‌ನದು ಸಾದಾ ಉಪಾಯ, ಹಾಜರಿ ಪುಸ್ತಕ. 2007ರಲ್ಲಿ ಹೋಟೆಲು, ಸಲೂನುಗಳಿಂದ ಶುರುವಾಗಿ 2016ರಲ್ಲಿ ಕಟ್ಟಡಕ್ಕೂ ಬಂತು. ಬಂದ ತಕ್ಷಣ ಹೆಸರು, ಗುರುತಿನ ಸಂಖ್ಯೆ, ವೇಳೆ ಬರೆಯಬೇಕು, ಹೋಗುವಾಗಲೂ ಬರೆಯಬೇಕು. ಪುಸ್ತಕ ಸರಿಯಿಲ್ಲದಿದ್ದರೆ 12,500 ಕ್ರೋನರ್, ಬರೆಯದ ಪ್ರತಿಯೊಬ್ಬನಿಗೆ ಇನ್ನೂ 2,500. ತೆರಿಗೆ ಇಲಾಖೆ ಆ ಪುಸ್ತಕವನ್ನು ತಿಂಗಳ ಕೊನೆಯ ಸಂಬಳ ಪಟ್ಟಿಯ ಪಕ್ಕ ಇಟ್ಟು ನೋಡುತ್ತದೆ. ಒಬ್ಬನ ಹಾಜರಿ 160 ಗಂಟೆ, ಸಂಬಳ 60 ಗಂಟೆಗೆ ಎಂದಾದರೆ ಉಳಿದ 100 ಗಂಟೆಗೆ ಯಾರು ಕೊಟ್ಟರು ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಮಾಲೀಕ.

ಕಾರ್ಡಿನಿಂದ ಗೇಟು ದಾಟಿದವರು ಸಿಗುತ್ತಾರೆ, ಕಾರ್ಡಿಲ್ಲದೆ ಬೇಲಿ ಹಾರಿದವರು ಸಿಗುವುದಿಲ್ಲ. ಇದಕ್ಕೆ ಇಟಲಿ ಕಂಡುಕೊಂಡದ್ದು ಬೇರೆಯೇ ಲೆಕ್ಕ. ಒಂದು ಕಟ್ಟಡಕ್ಕೆ ಎಷ್ಟು ಕೂಲಿ ತಗಲಲೇಬೇಕು ಎಂಬುದನ್ನು ಕೆಲಸದ ಬಗೆಗೆ ತಕ್ಕಂತೆ ಶೇಕಡಾವಾರು ಗೊತ್ತುಮಾಡಿದರು. ಹೊಸ ಮನೆ ಕಟ್ಟಲು ಒಟ್ಟು ವೆಚ್ಚದ ಶೇ 14.28, ಹಳೆ ಮನೆ ದುರಸ್ತಿಗೆ ಶೇ 22. 2021ರ ನವೆಂಬರ್ 1ರ ನಂತರ ಶುರುವಾದ ಎಲ್ಲ ಸರ್ಕಾರಿ ಕಾಮಗಾರಿಗಳಿಗೂ 70,000 ಯೂರೋ ಮೇಲ್ಪಟ್ಟ ಖಾಸಗಿ ಕಾಮಗಾರಿಗಳಿಗೂ ಇದು ಅನ್ವಯ. ಎರಡು ಲಕ್ಷ ಯೂರೋದ ಹೊಸ ಮನೆ ಅಂದುಕೊಳ್ಳಿ. ಕಟ್ಟಡ ಕಾರ್ಮಿಕರ ನಿಧಿಗೆ ತೋರಿಸಿದ ಕೂಲಿ ಕನಿಷ್ಠ 28,560 ಇರಬೇಕು. ಕೊರತೆ ಶೇ 5ರೊಳಗಿದ್ದರೆ ಕಾಮಗಾರಿಯ ಉಸ್ತುವಾರಿ ಎಂಜಿನಿಯರ್ ಕಾರಣ ಬರೆದುಕೊಡಬಹುದು. ಅದಕ್ಕಿಂತ ಹೆಚ್ಚಿದ್ದರೆ 15 ದಿನದಲ್ಲಿ ವ್ಯತ್ಯಾಸದ ವಂತಿಗೆ ತುಂಬಬೇಕು, ಇಲ್ಲದಿದ್ದರೆ ಕೂಲಿಯ ಲೆಕ್ಕ ಸರಿಯಿದೆ ಎಂಬ ಪ್ರಮಾಣಪತ್ರ ಸಿಗದು, ಹೊಸ ಕೆಲಸಕ್ಕೆ ಕೈಹಾಕುವುದೂ ಕಷ್ಟ. ಯಾರನ್ನೂ ಓಡಿಸಿ ಹಿಡಿಯಬೇಕಾಗಿಲ್ಲ, ಗೋಡೆ ತಾನಾಗಿ ಎದ್ದಿಲ್ಲ ಎಂಬ ಸತ್ಯವೊಂದೇ ಸಾಕು. ಆದರೆ ಮಿತಿಯೂ ಇಲ್ಲೇ ಇದೆ: ಶೇ 14.28 ಮುಟ್ಟಿದ ಮೇಲೆ ಇನ್ನೂ ಒಂದಷ್ಟು ಕೂಲಿ ಕಪ್ಪಿನಲ್ಲೇ ಉಳಿದರೆ ಈ ಲೆಕ್ಕಕ್ಕೆ ಕಾಣುವುದಿಲ್ಲ.

ಗಂಟೆ ಎಣಿಸುವ ಜಗಳ

ಅರೆಕಾಲಿಕ ಒಪ್ಪಂದ ಬರೆದು ಪೂರ್ಣಕಾಲ ದುಡಿಸುವುದನ್ನು ಹಿಡಿಯಬೇಕಾದರೆ ಗಂಟೆಯ ದಾಖಲೆ ಬೇಕು. ಜರ್ಮನಿಯಲ್ಲಿ ಮಿನಿಜಾಬ್‌ಗೆ ಮತ್ತು ಆಯ್ದ ಕ್ಷೇತ್ರಗಳಿಗೆ ಶುರು, ಕೊನೆ, ಒಟ್ಟು ಅವಧಿಯನ್ನು ಏಳು ದಿನದೊಳಗೆ ಬರೆದು ಎರಡು ವರ್ಷ ಇಟ್ಟಿರಬೇಕು. ಈ ಏಳು ದಿನವೇ ತೂತು. ಶುಕ್ರವಾರ ಕುಳಿತು ಇಡೀ ವಾರದ ಹಾಜರಿಯನ್ನು ಒಂದೇ ಪೆನ್ನಿನಲ್ಲಿ, ಒಂದೇ ಕೈಬರಹದಲ್ಲಿ, ನಿಮಿಷ ಹೆಚ್ಚುಕಡಿಮೆಯಾಗದಂತೆ ಬರೆದಿಟ್ಟ ಪುಸ್ತಕಗಳು ಅಧಿಕಾರಿಗಳಿಗೆ ಹೊಸದಲ್ಲ. ನಿಜವಾದ ಹಾಜರಿಯಲ್ಲಿ 9:04 ಇರುತ್ತದೆ, 17:23 ಇರುತ್ತದೆ. ಎಲ್ಲವೂ 9:00, 13:00 ಎಂದಿದ್ದರೆ ಅದು ಹಾಜರಿಯಲ್ಲ, ಪ್ರಬಂಧ.

ಸ್ಪೇನ್ 2019ರ ಮೇ ತಿಂಗಳಿಂದ ಎಲ್ಲ ಉದ್ಯೋಗದಾತರಿಗೂ ದಿನದ ವೇಳೆಯ ದಾಖಲೆ ಕಡ್ಡಾಯ ಮಾಡಿತು, ಅದನ್ನು ನಾಲ್ಕು ವರ್ಷ ಇಡಬೇಕು. ಅದೇ ತಿಂಗಳ 14ರಂದು, ಸ್ಪೇನಿನ ಕಾರ್ಮಿಕ ಸಂಘಟನೆಯೊಂದು ಹೂಡಿದ್ದ ದಾವೆಯಲ್ಲಿ, ಒಕ್ಕೂಟದ ನ್ಯಾಯಾಲಯ ದಿನದ ದುಡಿಮೆಯನ್ನು ಅಳೆಯುವ ನಂಬಲರ್ಹ ವ್ಯವಸ್ಥೆ ಎಲ್ಲ ದೇಶಗಳಲ್ಲೂ ಇರಬೇಕು ಎಂದು ತೀರ್ಪಿತ್ತಿತು. ಗ್ರೀಸ್ ಇನ್ನೂ ಮುಂದೆ ಹೋಗಿ 2022ರಲ್ಲಿ ಬ್ಯಾಂಕು ಮತ್ತು ದೊಡ್ಡ ಸೂಪರ್‌ಮಾರ್ಕೆಟ್‌ಗಳಿಂದ ‘ಡಿಜಿಟಲ್ ಕಾರ್ಡ್’ ಶುರುಮಾಡಿತು. ಮೊಬೈಲಿನಲ್ಲಿ ಒತ್ತಿದ ಹೊತ್ತು ನೇರವಾಗಿ ಕಾರ್ಮಿಕ ಇಲಾಖೆಯ ‘ಎರ್ಗಾನಿ’ ವ್ಯವಸ್ಥೆಗೆ ಹೋಗುತ್ತದೆ. ಇದಕ್ಕೂ ಮದ್ದು ಸಿದ್ಧವಾಯಿತು: ನಾಲ್ಕು ಗಂಟೆಯಾದ ಮೇಲೆ ‘ಹೊರಟೆ’ ಎಂದು ಒತ್ತಿಸಿ ಮತ್ತೆ ಒಳಗೆ ಕರೆದುಕೊಳ್ಳುವುದು. ಆದರೆ ಈಗ ತಪಾಸಣೆ ಸುಲಭ. ಯಂತ್ರ ‘ಹೋದ’ ಎನ್ನುವವನು ಟ್ರೇ ಹಿಡಿದು ಎದುರಿಗೇ ನಿಂತಿದ್ದರೆ ವಾದಕ್ಕೇ ಜಾಗವಿಲ್ಲ. ರೊಮೇನಿಯಾ ಅರೆಕಾಲಿಕ ಒಪ್ಪಂದದವನು ತನ್ನ ವೇಳೆಯ ಹೊರಗೆ ದುಡಿಯುತ್ತಿರುವುದನ್ನೇ ಬೇರೆ ಅಪರಾಧವಾಗಿ ಕಾನೂನಿಗೆ ಸೇರಿಸಿದ್ದು ಇದಕ್ಕಾಗಿಯೇ.

ನಗದನ್ನೇ ನಿಲ್ಲಿಸಿದರೆ? ಇಟಲಿ 2018ರ ಜುಲೈ 1ರಿಂದ ಸಂಬಳವನ್ನು ನಗದಾಗಿ ಕೊಡುವುದನ್ನು ನಿಷೇಧಿಸಿತು, ತಪ್ಪಿದರೆ 1,000ದಿಂದ 5,000 ಯೂರೋ ದಂಡ. ಲಿಥುವೇನಿಯಾ 2022ರಲ್ಲಿ ಅದೇ ದಾರಿ ಹಿಡಿಯಿತು. ಪ್ರಯೋಜನ ಆಗಿದೆ, ಆದರೆ ಇಟಲಿಯಲ್ಲಿ ಲಕೋಟೆಯ ದಿಕ್ಕೇ ತಿರುಗಿತು. ಬ್ಯಾಂಕಿಗೆ ಪೂರ್ತಿ ಸಂಬಳ ಬೀಳುತ್ತದೆ, ಕೆಲಸಗಾರ ಎಟಿಎಂಗೆ ಹೋಗಿ ಒಂದು ಪಾಲು ತೆಗೆದು ಮಾಲೀಕನಿಗೆ ವಾಪಸು ಕೊಡುತ್ತಾನೆ. ಕೊಡದಿದ್ದರೆ ನಾಳೆ ಕೆಲಸವಿಲ್ಲ.

ಕಡಿಮೆ ಖರ್ಚಿನ ಉಪಾಯವೆಂದರೆ ಪತ್ರ. ಎಸ್ಟೋನಿಯಾದ ತೆರಿಗೆ ಇಲಾಖೆ ಅದೇ ಊರಿನ, ಅದೇ ವ್ಯಾಪಾರದ ಸಂಬಳಗಳನ್ನು ಹೋಲಿಸಿ ‘ನಿಮ್ಮಲ್ಲಿ ಸಂಬಳ ಉಳಿದವರಿಗಿಂತ ಕಡಿಮೆ ಕಾಣುತ್ತಿದೆ’ ಎಂದು ತಿಳಿಸುತ್ತದೆ. ಸ್ಪೇನ್ 2018ರಲ್ಲಿ ಅನುಮಾನದ ಒಪ್ಪಂದಗಳಿದ್ದ ಕಂಪನಿಗಳಿಗೆ ಸರಿಪಡಿಸಿಕೊಳ್ಳಿ, ಇಲ್ಲವಾದರೆ ತಪಾಸಣೆಗೆ ಬರುತ್ತೇವೆ ಎಂದು ಸಾಮೂಹಿಕವಾಗಿ ಬರೆಯಿತು, ಆಮೇಲೆ ನಿಜವಾಗಿಯೂ ಹೋಯಿತು. ಹೋಗದಿದ್ದರೆ ಮುಂದಿನ ಪತ್ರ ಕಸದ ಬುಟ್ಟಿಗೇ.

ಮನೆಗೆಲಸ: ಗಿರಾಕಿಯನ್ನೇ ಒಲಿಸಿಕೊಳ್ಳುವುದು

ಮನೆಯೊಳಗೆ ತಪಾಸಣಾಧಿಕಾರಿ ಹೋಗುವಂತಿಲ್ಲ. ಇಲ್ಲಿ ಬೆದರಿಕೆಗಿಂತ ರಿಯಾಯಿತಿ ಕೆಲಸಮಾಡಿದೆ. ಸ್ವೀಡನ್‌ನಲ್ಲಿ 2007ರಿಂದ ಮನೆ ಶುಚಿಮಾಡಿಸುವವರಿಗೆ ಕೂಲಿಯ ಅರ್ಧದಷ್ಟು ತೆರಿಗೆ ರಿಯಾಯಿತಿ, 2009ರಿಂದ ಅದನ್ನು ಬಿಲ್ಲಿನಲ್ಲೇ ಕಳೆಯುತ್ತಾರೆ. 1,000 ಕ್ರೋನರ್ ಕೂಲಿಗೆ ಗಿರಾಕಿ ಕೊಡುವುದು 500, ಮಿಕ್ಕ 500ನ್ನು ಕಂಪನಿ ತೆರಿಗೆ ಇಲಾಖೆಯಿಂದ ಪಡೆಯುತ್ತದೆ. ಒಬ್ಬರಿಗೆ ವರ್ಷಕ್ಕೆ 75,000 ಕ್ರೋನರ್ ಮಿತಿ. ಫ್ರಾನ್ಸ್‌ನಲ್ಲೂ ಅರ್ಧ ವಾಪಸು. ಬೆಲ್ಜಿಯಂನಲ್ಲಿ 2004ರಿಂದ ‘ಸೇವಾ ಚೀಟಿ’: ಗಂಟೆಗೊಂದು ಚೀಟಿ, ಮನೆಯವರಿಗೆ ಸುಮಾರು ಹತ್ತು ಯೂರೋ ಬೀಳುತ್ತದೆ, ಹೆಚ್ಚಿನ ಪಾಲನ್ನು ಸರ್ಕಾರ ತುಂಬುತ್ತದೆ, ಕೆಲಸದಾಕೆ ಕಂಪನಿಯ ನೌಕರಳಾಗಿ ವಿಮೆ, ರಜೆ ಎಲ್ಲ ಪಡೆಯುತ್ತಾಳೆ. ಖಜಾನೆಗೆ ಹೊರೆ ಹೌದು, ಉಳ್ಳವರ ಮನೆ ಗುಡಿಸಲು ತೆರಿಗೆ ಹಣವೇ ಎಂಬ ಟೀಕೆಯೂ ನ್ಯಾಯವೇ. ಆದರೂ ‘ಬಿಲ್ ಬೇಡ, ನಗದು ಕೊಡಿ’ ಎಂದಾಗ ಗಿರಾಕಿಯೇ ‘ಇಲ್ಲ, ಬಿಲ್ ಬೇಕು’ ಎನ್ನುವಂತೆ ಮಾಡಿದ ಉಪಾಯ ಇದೊಂದೇ.

ಬಿಲ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯದ 2013ರ ತೀರ್ಪು ನೋಡಿ. ಮನೆಯ ಅಂಗಳಕ್ಕೆ 40 ಟನ್ ಲಾರಿ ಓಡಾಡುವಂತೆ ಕಲ್ಲು ಹಾಸಲು 1,800 ಯೂರೋ, ಬಿಲ್ ಇಲ್ಲದೆ, ನಗದು. ಕಲ್ಲು ಕುಸಿದವು. ಒಪ್ಪಂದವೇ ಅಸಿಂಧು, ಆದ್ದರಿಂದ ದುರಸ್ತಿಯ ಹಕ್ಕೂ ಇಲ್ಲ ಎಂದಿತು ನ್ಯಾಯಾಲಯ. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಕಪ್ಪು ಕೆಲಸ ಮಾಡಿದ ಗುತ್ತಿಗೆದಾರನಿಗೆ ಬಾಕಿ ಕೇಳುವ ಹಕ್ಕೂ ಇಲ್ಲ ಎಂದಿತು. ಆದರೆ ನೌಕರನ ಪಾಲಿಗೆ ಹಾಗಲ್ಲ. ಸಂಬಳದ ಒಂದು ಪಾಲನ್ನು ಮುಚ್ಚಿದ ಮಾತ್ರಕ್ಕೆ ಉದ್ಯೋಗ ಒಪ್ಪಂದ ಅಸಿಂಧುವಾಗುವುದಿಲ್ಲ. ಈ ವ್ಯತ್ಯಾಸ ನೆನಪಿಡಬೇಕಾದದ್ದು.

ಗಡಿ ದಾಟಿ ಬಂದವರು, ಹೊಲದಲ್ಲಿರುವವರು

ಒಂದು ದೇಶದ ಕಂಪನಿ ತನ್ನ ಕೆಲಸಗಾರರನ್ನು ಇನ್ನೊಂದು ದೇಶಕ್ಕೆ 24 ತಿಂಗಳವರೆಗೆ ಕಳಿಸಿದರೆ ವಂತಿಗೆಯನ್ನು ತವರು ದೇಶದಲ್ಲೇ ಕಟ್ಟಬಹುದು. ಇದಕ್ಕೆ ‘ಎ1’ ಎಂಬ ಪತ್ರ ಸಾಕ್ಷಿ. ಕಡಿಮೆ ವಂತಿಗೆಯ ದೇಶದಲ್ಲಿ ಅಂಚೆಪೆಟ್ಟಿಗೆಯಷ್ಟೇ ಇರುವ ಕಂಪನಿ ತೆರೆದು ಈ ಪತ್ರ ಪಡೆಯುವುದು ಹಳೆಯ ಆಟ. ಮೋಸದಿಂದ ಪಡೆದ ಪತ್ರವನ್ನು ಕೆಲಸ ನಡೆಯುವ ದೇಶದ ನ್ಯಾಯಾಲಯ ಕಡೆಗಣಿಸಬಹುದು ಎಂದು ಒಕ್ಕೂಟದ ನ್ಯಾಯಾಲಯ 2018ರಲ್ಲಿ ಹೇಳಿತು, ಆದರೆ ಮೊದಲು ಪತ್ರ ಕೊಟ್ಟ ದೇಶಕ್ಕೆ ತಿಳಿಸಿ ಅದು ಸಕಾಲದಲ್ಲಿ ಮರುಪರಿಶೀಲಿಸದೆ ಉಳಿದಿರಬೇಕು. ಇಂಥ ಪತ್ರವ್ಯವಹಾರ ತಿಂಗಳುಗಟ್ಟಲೆ ಎಳೆಯುತ್ತದೆ, ಅಷ್ಟರಲ್ಲಿ ಕಟ್ಟಡ ಮುಗಿದಿರುತ್ತದೆ. ಗಡಿಯಾಚೆಯ ಜಂಟಿ ತಪಾಸಣೆಗಳಿಗೆಂದೇ 2019ರಲ್ಲಿ ಐರೋಪ್ಯ ಕಾರ್ಮಿಕ ಪ್ರಾಧಿಕಾರ ಹುಟ್ಟಿತು. ಕಚೇರಿ ಬ್ರಾಟಿಸ್ಲಾವಾದಲ್ಲಿ.

ಎಲ್ಲಕ್ಕಿಂತ ಕೆಟ್ಟ ಸ್ಥಿತಿ ಇರುವುದು ಹೊಲಗಳಲ್ಲಿ. ಕೊಡಗು, ಚಿಕ್ಕಮಗಳೂರಿನ ತೋಟಗಳಿಗೆ ಆಳು ತರುವ ಮೇಸ್ತ್ರಿಯನ್ನು ಬಲ್ಲವರಿಗೆ ಇಟಲಿಯ ‘ಕಪೊರಾಲೆ’ ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಬೆಳಗಿನ ಜಾವ ವ್ಯಾನಿನಲ್ಲಿ ತುಂಬಿಕೊಂಡು ಹೋಗುತ್ತಾನೆ, ವ್ಯಾನಿನ ಬಾಡಿಗೆ, ನೀರಿನ ಬಾಟಲಿ, ರೊಟ್ಟಿ ಎಲ್ಲವನ್ನೂ ಕೂಲಿಯಲ್ಲಿ ಹಿಡಿಯುತ್ತಾನೆ. ಇಡೀ ತಿಂಗಳು ದುಡಿದರೂ ದಾಖಲೆಯಲ್ಲಿ ಕೆಲವೇ ದಿನ. 2016ರ ಕಾನೂನು ಮೇಸ್ತ್ರಿಯನ್ನಷ್ಟೇ ಅಲ್ಲ, ಅವನಿಂದ ಆಳು ಪಡೆದ ಜಮೀನುದಾರನನ್ನೂ ಒಂದರಿಂದ ಆರು ವರ್ಷ ಸೆರೆಗೆ ಗುರಿಮಾಡಿದೆ. ಆದರೂ 2024ರ ಜೂನ್‌ನಲ್ಲಿ, ರೋಮ್‌ನ ದಕ್ಷಿಣಕ್ಕಿರುವ ಲಾಟೀನಾದಲ್ಲಿ, ಒಪ್ಪಂದವಿಲ್ಲದೆ ದುಡಿಯುತ್ತಿದ್ದ ಪಂಜಾಬಿನ ಯುವಕನ ತೋಳು ಯಂತ್ರಕ್ಕೆ ಸಿಕ್ಕಿ ಕತ್ತರಿಸಿಹೋಯಿತು. ಅವನನ್ನು ಆಸ್ಪತ್ರೆಗೆ ಒಯ್ಯದೆ ಮನೆಯ ಮುಂದೆ ಬಿಟ್ಟುಹೋದರು. ಎರಡು ದಿನದ ನಂತರ ಅವನು ತೀರಿಕೊಂಡ. ಹೆಸರಿಲ್ಲದವನನ್ನು ಆಸ್ಪತ್ರೆಗೆ ಕರೆದೊಯ್ದರೆ ಹೆಸರು ಹೇಳಬೇಕಾಗುತ್ತದಲ್ಲ.

ಪರವಾನಗಿ ಇಲ್ಲದ ವಲಸಿಗನಿಗೂ ದುಡಿದ ಕೂಲಿ ಸಲ್ಲಬೇಕು, ಇಬ್ಬರಲ್ಲಿ ಯಾರೂ ಬೇರೆ ಸಾಬೀತು ಮಾಡದಿದ್ದರೆ ಕನಿಷ್ಠ ಮೂರು ತಿಂಗಳು ದುಡಿದನೆಂದೇ ಭಾವಿಸಬೇಕು ಎನ್ನುತ್ತದೆ ಒಕ್ಕೂಟದ 2009ರ ನಿರ್ದೇಶನ. ಕಾಗದದಲ್ಲಿ ಚೆಂದ. ಆದರೆ ಕಾರ್ಮಿಕ ತಪಾಸಣೆಯ ಹಿಂದೆಯೇ ವಲಸೆ ಪೊಲೀಸರು ಬರುತ್ತಾರೆಂದರೆ ಕೂಲಿ ಕೇಳಲು ಯಾರು ಬಂದಾರು?

ಕನ್ನಡದ ವಿದ್ಯಾರ್ಥಿಗಳಿಗೆ ಒಂದಿಷ್ಟು

ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತದವರೇ ಹೆಚ್ಚು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಹೋದವರೂ ಅದರಲ್ಲಿದ್ದಾರೆ. 2024ರ ಮಾರ್ಚ್‌ನಿಂದ ಅವರಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಲು ಅವಕಾಶ. ‘ಮಿನಿಜಾಬ್ ಬರೆಯುತ್ತೇನೆ, ಮಿಕ್ಕದ್ದು ಕೈಗೆ’ ಎಂದು ಹೋಟೆಲಿನವನು ಹೇಳಿದಾಗ ನೆನಪಿಡಿ: ಲಕೋಟೆಯ ಗಂಟೆಗಳೂ ಈ ಮಿತಿಗೆ ಸೇರುತ್ತವೆ. ಮಿತಿ ದಾಟಿದ ದಿನದಿಂದ ಮಾಲೀಕನ ಕೈಯಲ್ಲಿ ನಿಮ್ಮ ವೀಸಾದ ಜುಟ್ಟಿದೆ. ಬಾಕಿ ಕೇಳಲು ಹೋದರೆ ಅವನು ಎತ್ತುವ ಮೊದಲ ಮಾತೇ ಅದು.

ಸೇರುವಾಗ ತೆರಿಗೆಯ ಗುರುತು ಸಂಖ್ಯೆ ಮತ್ತು ಸಾಮಾಜಿಕ ವಿಮೆಯ ಸಂಖ್ಯೆ ಎರಡನ್ನೂ ಕೇಳದ ಮಾಲೀಕ ನಿಮ್ಮ ಹೆಸರು ಬರೆಯುವ ಉದ್ದೇಶದಲ್ಲಿಲ್ಲ ಎಂದೇ ತಿಳಿಯಿರಿ. ಕೆಲಸದ ಮುಖ್ಯ ಷರತ್ತುಗಳನ್ನು ಬರವಣಿಗೆಯಲ್ಲಿ ಕೊಡುವುದು ಅವನ ಹೊಣೆ, ಕೇಳಿ ಪಡೆಯಿರಿ. ವಿಮೆಗೆ ನೋಂದಾಯಿಸಿದ ಪ್ರಮಾಣಪತ್ರವನ್ನೂ ಅವನು ಕೊಡಬೇಕು. ‘ಮೆಲ್ಡೆಬೆಷೈನಿಗುಂಗ್’ ಎಂದು ಕೇಳಿದರೆ ಯಾವ ಲೆಕ್ಕಿಗನಿಗೂ ಅರ್ಥವಾಗುತ್ತದೆ. ಅದರಲ್ಲಿರುವ ಸಂಬಳ ನಿಮ್ಮ ಬ್ಯಾಂಕಿಗೆ ಬಂದದ್ದಕ್ಕೆ ತಾಳೆಯಾಗುತ್ತದೆಯೇ ನೋಡಿ. ಪಿಂಚಣಿ ಸಂಸ್ಥೆಯಿಂದ ನಿಮ್ಮ ಖಾತೆಯ ವಿವರವನ್ನು ಉಚಿತವಾಗಿ ತರಿಸಿಕೊಳ್ಳಬಹುದು.

ಮೊದಲ ದಿನದಿಂದಲೇ ಒಂದು ಪುಟ್ಟ ಪುಸ್ತಕ ಇಡಿ: ತಾರೀಕು, ಒಳಗೆ ಹೋದ ಹೊತ್ತು, ಬಿಡುವು, ಹೊರಬಂದ ಹೊತ್ತು, ಆ ದಿನ ಜೊತೆಗಿದ್ದವರ ಹೆಸರು. ಪಾಳಿಯ ಪಟ್ಟಿಯ ಫೋಟೋ ವಾರಕ್ಕೊಂದು. ‘ನಾಳೆ 11ಕ್ಕೆ ಬಾ’ ಎಂಬ ವಾಟ್ಸ್‌ಆ್ಯಪ್ ಸಂದೇಶಗಳನ್ನು ಅಳಿಸಬೇಡಿ. ಕನಿಷ್ಠ ಕೂಲಿಯನ್ನು ಬಿಟ್ಟುಕೊಡುತ್ತೇನೆಂದು ನೀವೇ ಸಹಿ ಹಾಕಿದ್ದರೂ ಅದಕ್ಕೆ ಬೆಲೆಯಿಲ್ಲ. ಆ ಕೂಲಿಯ ಬಾಕಿಯನ್ನು, ಅದು ಹುಟ್ಟಿದ ವರ್ಷ ಮುಗಿದ ಮೇಲೆ ಮೂರು ವರ್ಷದವರೆಗೆ ಕೇಳಬಹುದು. ಕಾರ್ಮಿಕ ನ್ಯಾಯಾಲಯದ ಮೊದಲ ಹಂತದಲ್ಲಿ ವಕೀಲರು ಕಡ್ಡಾಯವಲ್ಲ. ಅರ್ಜಿ ಬರೆದುಕೊಳ್ಳಲು ಅಲ್ಲಿಯೇ ಒಂದು ಕೌಂಟರ್ ಇರುತ್ತದೆ. ಗೆದ್ದರೂ ಸೋತರೂ ಆ ಹಂತದಲ್ಲಿ ಎದುರಾಳಿಯ ವಕೀಲರ ಖರ್ಚು ನಿಮ್ಮ ಮೇಲೆ ಬೀಳುವುದಿಲ್ಲ. ಹೋಗುವ ಮೊದಲು ‘ಫೇರ್ ಇಂಟಿಗ್ರೇಷನ್’ ಸಲಹಾ ಕೇಂದ್ರಕ್ಕೆ ಹೋಗಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗೆಂದೇ ಇರುವ ಉಚಿತ ಕೇಂದ್ರ ಅದು. ಪುಟ್ಟ ಪುಸ್ತಕವನ್ನು ಜೊತೆಗೆ ಒಯ್ಯಿರಿ.